ಗೆಳತಿಯ ಗೊಣಗಾಟ ಕೇಳಿ ಸುಸ್ತಾಗಿದೆ

ಪ್ರಶ್ನೆ: ಹತ್ತಿರದ ಗೆಳತಿ ದಿನಾ ರಾತ್ರಿ ಫೋನ್ ಮಾಡಿ ಎಲ್ಲರನ್ನೂ ಬೈಯುತ್ತಾಳೆ. ಆಮೇಲೆ ನನಗೆ ನಿದ್ದೆಯೇ ಬರುವುದಿಲ್ಲ. ಅವಳಿಂದ ದೂರ ಇದ್ದರೆ ತಪ್ಪಾ?

ಉತ್ತರ: ನಿದ್ದೆ ಕೆಡುತ್ತಿದೆ ಅಂದರೆ ಏನಾದರೂ ಬದಲಾಯಿಸಲೇಬೇಕು, ಅದು ತಪ್ಪಲ್ಲ. ಒಂದೇ ಕಷ್ಟವನ್ನು ಇಬ್ಬರೂ ಸೇರಿ ಮತ್ತೆ ಮತ್ತೆ ಕೆದಕುವುದರ ಬಗ್ಗೆ ಮನೋವಿಜ್ಞಾನಿ ಅಮಾಂಡಾ ರೋಸ್ 2002ರಲ್ಲಿ ಅಧ್ಯಯನ ಪ್ರಕಟಿಸಿದರು. ಹಾಗೆ ಜಾಸ್ತಿ ಕೆದಕುವ ಶಾಲಾ ಮಕ್ಕಳಲ್ಲಿ ಗೆಳೆತನ ಗಟ್ಟಿಯಾಗಿತ್ತು, ಆದರೆ ಆತಂಕ, ಖಿನ್ನತೆಯೂ ಹೆಚ್ಚಿತ್ತು. ನಿಮ್ಮದೂ ಹೀಗೇ ಅಲ್ವಾ? ಸುಮ್ನೆ ಫೋನ್ ಎತ್ತದೆ ಇರಬೇಡಿ, ಅವಳಿಗೆ ನೋವಾಗುತ್ತದೆ. "ರಾತ್ರಿ ಬೇಡ ಕಣೇ, ಸಂಜೆ ಮಾಡು, ಹತ್ತು ನಿಮಿಷ ಕೇಳ್ತೀನಿ" ಅಂತ ನೇರವಾಗಿ ಹೇಳಿ. "ಸರಿ, ನಾಳೆ ಏನು ಮಾಡ್ತೀಯ?" ಅಂತಲೂ ಕೇಳಿ. ಬದುಕೇ ಬೇಡ ಅನ್ನುತ್ತಿದ್ದರೆ ಮಾತ್ರ ಅದು ಗೊಣಗಾಟವಲ್ಲ, ತಡಮಾಡದೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.