ಹಳೆಯ ಅಲ್ಯೂಮಿನಿಯಂ ದೋಣಿ ಸೋರುತ್ತಿದೆ. ಮನೆಯಲ್ಲೇ ಸರಿಮಾಡಿ ಮರದ ನೆಲ ಹಾಕಬಹುದೇ?

ಖಂಡಿತ ಹಾಕಬಹುದು. ಅಮೆರಿಕದ ಕೆರೆಗಳಲ್ಲಿ ಮೀನು ಹಿಡಿಯಲು ಬಳಸುವ 14 ಅಡಿಯ ಹಳೆಯ ದೋಣಿಗಳಲ್ಲಿ ಜಾಸ್ತಿ ಸೋರುವುದು ತಗಡುಗಳನ್ನು ಜೋಡಿಸುವ ಲೋಹದ ಮೊಳೆಗಳಾದ ರಿವೆಟ್‌ಗಳೇ. ಟ್ರೈಲರ್ ಮೇಲೆ ಇಟ್ಟು ಒಳಗೆ ನಾಲ್ಕು ಬೆರಳು ನೀರು ತುಂಬಿಸಿ. ಕೆಳಗೆ ಹನಿ ಕಂಡ ಕಡೆ ಮಾರ್ಕರ್‌ನಿಂದ ಗುರುತು ಹಾಕಿ. ಆಮೇಲೆ ಒಬ್ಬರು ಹೊರಗಿನಿಂದ ರಿವೆಟ್ ತಲೆಗೆ ಭಾರದ ಕಬ್ಬಿಣ ಒತ್ತಿ ಹಿಡಿಯಲಿ, ಇನ್ನೊಬ್ಬರು ಒಳಗಿನಿಂದ ಸುತ್ತಿಗೆಯಲ್ಲಿ ಬಡಿಯಲಿ. ಸುಮ್ನೆ ಸಿಲಿಕೋನ್ ಬಳಿದರೆ ನಿಲ್ಲುವುದಿಲ್ಲ.

ನೆಲಕ್ಕೆ ಪ್ರೆಷರ್ ಟ್ರೀಟೆಡ್ ಮರ (ಕೊಳೆಯದಂತೆ ಒತ್ತಡದಲ್ಲಿ ರಾಸಾಯನಿಕ ಹೀರಿಸಿದ ಮರ) ಬೇಡವೇ ಬೇಡ. ಅದರಲ್ಲಿ ಸಾಮಾನ್ಯವಾಗಿ ತಾಮ್ರ ಇರುತ್ತದೆ. ಒದ್ದೆಯಾದಾಗ ಅದು ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಎಕ್ಸ್‌ಟೀರಿಯರ್ ಪ್ಲೈವುಡ್ ತಂದು, ಅಂಚನ್ನೂ ಬಿಡದೆ ಎಪಾಕ್ಸಿ (ಗಟ್ಟಿಯಾಗಿ ನೀರು ತಡೆಯುವ ಅಂಟು) ಬಳಿಯಿರಿ. ಸೀಟಿನ ಕೆಳಗಿನ ಫೋಮ್ ನೀರು ಕುಡಿದಿದ್ದರೆ ಬದಲಿಸಿ, ಆದರೆ ಆ ಜಾಗ ಖಾಲಿ ಬಿಡಬೇಡಿ. ದೋಣಿಯೊಳಗೆ ನೀರು ತುಂಬಿದಾಗ ಅದನ್ನು ತೇಲಿಸುವುದು ಆ ಫೋಮ್.