ಟ್ರೇಯ ಫೋಟೊ ಕಳಿಸಿ ಅರ್ಥ ಕೇಳಬೇಡಿ

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯಲ್ಲಿ ಆಪ್ತ ಸಮಾಲೋಚಕಿ. ಮಾತಲ್ಲಿ ಹೇಳಲಾಗದ್ದನ್ನು ಆಟದಲ್ಲಿ ತೋರಿಸಲಿ ಅಂತ ಮಕ್ಕಳಿಗೆ ಮರಳು ತುಂಬಿದ ಟ್ರೇ, ಪುಟ್ಟ ಗೊಂಬೆಗಳನ್ನು ಕೊಡುತ್ತೇನೆ. ಎಂಟು ವರ್ಷದ ಹುಡುಗನೊಬ್ಬ ಮೂರು ವಾರದಿಂದ ಮರಳಿನ ಟ್ರೇಯಲ್ಲಿ ಅಮ್ಮನ ಗೊಂಬೆಯನ್ನು ಹೂತು, ಅದರ ಮೇಲೆ ಹಾವು ಇಡುತ್ತಿದ್ದಾನೆ. ಫೋಟೊ ಲಗತ್ತಿಸಿದ್ದೇನೆ. ಇದರ ಅರ್ಥವೇನು? ತಾಯಿಗೆ ಏನು ಹೇಳಲಿ?

ಉತ್ತರ: ಇಂಥ ಫೋಟೊಗಳು ನನಗೆ ಬರುತ್ತಲೇ ಇರುತ್ತವೆ. ಅರ್ಥ ಹೇಳುವುದಿಲ್ಲ ಅಂತ ಎಷ್ಟು ಸಲ ಬರೆದರೂ ನಿಂತಿಲ್ಲ. ಮೊದಲು ಒಂದು ಮಾತು. ಆ ಟ್ರೇ ಹುಡುಗನದು. ನಿಮ್ಮ ಕೆಲಸದ ಮೇಲ್ವಿಚಾರಣೆ ಮಾಡುವ ಅನುಭವಿಗಳಿಗೆ ತೋರಿಸುವುದು ಬೇರೆ, ಅಂಕಣಕ್ಕೆ ಕಳಿಸುವುದು ಬೇರೆ. ಹೆಸರು ಅಳಿಸಿದರೆ ಸಾಲದು.

ಎರಡನೆಯದು. ಅದು ಅಮ್ಮನ ಗೊಂಬೆ ಅಂತ ಹೇಳಿದವರು ಯಾರು? ಹುಡುಗನೋ, ನೀವೋ? ನಿಮ್ಮ ಪತ್ರದಲ್ಲಿ ಅವನ ಒಂದು ಮಾತೂ ಇಲ್ಲ. ಸೀರೆ ಉಟ್ಟ ಗೊಂಬೆ ಅವನಿಗೆ ಟೀಚರ್ ಇರಬಹುದು, ರಾಣಿ ಇರಬಹುದು, ಯಾರೂ ಅಲ್ಲದೆಯೂ ಇರಬಹುದು. ಅವನು ಹೆಸರಿಡುವ ತನಕ ನಿಮ್ಮ ಟಿಪ್ಪಣಿಯಲ್ಲೂ ಅದು ‘ಹೆಂಗಸಿನ ಗೊಂಬೆ’ ಮಾತ್ರ.

ಹಾವು ಅಂದರೆ ಭಯ, ಬೇಲಿ ಅಂದರೆ ಒಂಟಿತನ, ಸೇತುವೆ ಅಂದರೆ ಸಂಬಂಧ ಅನ್ನುವ ಪಟ್ಟಿಗಳು ಮೊಬೈಲ್‌ನಿಂದ ಮೊಬೈಲ್‌ಗೆ ಓಡಾಡುತ್ತಿವೆ. ಕನಸಿನ ಫಲ ಹೇಳುವ ಪುಸ್ತಕಕ್ಕೂ ಇವಕ್ಕೂ ವ್ಯತ್ಯಾಸವಿಲ್ಲ. ದಯವಿಟ್ಟು ಅಳಿಸಿಹಾಕಿ. 1920ರ ದಶಕದ ಕೊನೆಯಲ್ಲಿ ಲಂಡನ್‌ನಲ್ಲಿ ಮಕ್ಕಳ ವೈದ್ಯೆ ಮಾರ್ಗರೆಟ್ ಲೊವೆನ್‌ಫೆಲ್ಡ್ ಮರಳು, ನೀರು, ಪುಟ್ಟ ಆಟಿಕೆಗಳನ್ನು ಮಕ್ಕಳ ಮುಂದಿಟ್ಟಿದ್ದೇ ದೊಡ್ಡವರ ಸಿದ್ಧಾಂತ ಅಡ್ಡ ಬರದೆ ಮಗು ತನ್ನ ಲೋಕವನ್ನು ತೋರಿಸಲಿ ಅಂತ. ಅವರ ಬಳಿ ಕಲಿತು ಸ್ಯಾಂಡ್‌ಪ್ಲೇ ಅನ್ನುವ ಮರಳಾಟದ ಚಿಕಿತ್ಸಾ ಪದ್ಧತಿಯನ್ನು ಬೆಳೆಸಿದ ಸ್ವಿಟ್ಜರ್ಲೆಂಡಿನ ಡೋರಾ ಕಾಲ್ಫ್ ಕೂಡ ಮಗುವಿನ ಎದುರು ಅರ್ಥ ಬಿಡಿಸುವುದನ್ನು ಒಪ್ಪಲಿಲ್ಲ. ಸ್ವತಂತ್ರವೂ ಸುರಕ್ಷಿತವೂ ಆದ ಜಾಗ ಕೊಡುವುದೇ ಅವರಿಗೆ ಮುಖ್ಯವಾಗಿತ್ತು.

ಮಕ್ಕಳು ಬಚ್ಚಿಡಲು ಹೂಳುತ್ತಾರೆ, ಕಾಪಾಡಲು ಹೂಳುತ್ತಾರೆ, ಮತ್ತೆ ಹುಡುಕುವ ಖುಷಿಗೂ ಹೂಳುತ್ತಾರೆ. ನೀವು ನೋಡಬೇಕಾದದ್ದು ಆಟ ನಡೆಯುವ ಬಗೆ. ಗೊಂಬೆಯನ್ನು ಮತ್ತೆ ಹೊರಗೆ ತೆಗೆಯುತ್ತಾನಾ? ಯಾವುದನ್ನು ಮೊದಲು ಇಟ್ಟ, ಯಾವುದನ್ನು ವಾಪಸ್ ತೆಗೆದ, ಕೈ ಎಲ್ಲಿ ತಡೆಯಿತು? ಮೂರು ವಾರದಲ್ಲಿ ಏನಾದರೂ ಸ್ವಲ್ಪ ಬದಲಾಯಿತಾ? ಬದಲಾಗುತ್ತಿದ್ದರೆ ಸುಮ್ನೆ ಪಕ್ಕದಲ್ಲಿ ಕೂತಿರಿ. ಹಾಗಲ್ಲದೆ ಅದೇ ಆಟ ಅದೇ ಕ್ರಮದಲ್ಲಿ, ಮುಖದಲ್ಲಿ ಯಾವ ನಿರಾಳವೂ ಇಲ್ಲದೆ ನಡೆಯುತ್ತಿದ್ದರೆ, ಆಡಿದ ಮೇಲೆ ಅವನು ಇನ್ನೂ ಬಿಗಿಯಾಗುತ್ತಿದ್ದರೆ, ಅದು ಆಘಾತದ ಗುರುತಿರಬಹುದು. ಆಗ ಕಾಯಬೇಡಿ. ಮಕ್ಕಳ ಮನೋವೈದ್ಯರ ಬಳಿ ಅಥವಾ ಮನಶ್ಶಾಸ್ತ್ರಜ್ಞರ ಬಳಿ ಕಳಿಸಿ.

ಆಟ ಮುಗಿದಾಗ ‘ಇದರ ಬಗ್ಗೆ ಏನಾದ್ರೂ ಹೇಳ್ತೀಯಾ?’ ಅಂತ ಒಂದು ಸಲ ಕೇಳಿದರೆ ಸಾಕು. ಇಲ್ಲ ಅಂದರೆ ಇಲ್ಲ. ಅವನು ಹೊರಗೆ ಹೋಗುವ ತನಕ ಟ್ರೇ ಕೆಡಿಸಬೇಡಿ. ಮುಗಿಯಲು ಐದು ನಿಮಿಷ ಇರುವಾಗಲೇ ತಿಳಿಸಿ. ಶಾಲೆಯಲ್ಲಿ ಜಾಸ್ತಿ ಹಾಳಾಗುವುದು ಇಲ್ಲೇ: ಗಂಟೆ ಹೊಡೆಯಿತು ಅಂತ ಮಗುವನ್ನು ಎಬ್ಬಿಸಿ ಸೀದಾ ಗಣಿತದ ಟೆಸ್ಟಿಗೆ ಕಳಿಸುತ್ತಾರೆ. ಒಳಗಿನದೆಲ್ಲ ಕಲಕಿರುವ ಮಗು ಅಲ್ಲಿ ಹೇಗೆ ಕೂರಬೇಕು? ಟೆಸ್ಟ್ ಇರುವ ದಿನ ಟ್ರೇ ಬೇಡ.

ತಾಯಿಗೆ ಫೋಟೊ ತೋರಿಸಬೇಡಿ. ‘ನಿಮ್ಮನ್ನು ಹೂಳುತ್ತಿದ್ದಾನೆ’ ಅಂತ ಕೇಳಿಸಿಕೊಂಡ ತಾಯಿ ಮನೆಗೆ ಹೋಗಿ ಮಗನನ್ನು ಏನು ಕೇಳಬಹುದು, ಯೋಚಿಸಿ. ನಿದ್ದೆ, ಊಟ, ಮನೆಯಲ್ಲಿ ಈಚೆಗೆ ಆದ ಬದಲಾವಣೆ, ಇವನ್ನು ವಿಚಾರಿಸಿ. ಟ್ರೇ ಯಾವ ಆರೋಪಕ್ಕೂ ಸಾಕ್ಷಿಯಲ್ಲ. ಆದರೆ ಯಾರೋ ಹೊಡೆಯುತ್ತಾರೆ, ಮುಟ್ಟುತ್ತಾರೆ ಅಂತ ಮಗು ಬಾಯಿಬಿಟ್ಟು ಹೇಳಿದರೆ ಅವನ ಮಾತನ್ನೇ ಇದ್ದಂತೆ ಬರೆದುಕೊಳ್ಳಿ. ಕೆದಕಿ ಕೇಳಬೇಡಿ. ಅದೇ ದಿನ ಶಾಲೆಯಲ್ಲಿ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ತಿಳಿಸಿ.

ಪ್ರಶ್ನೆ: ಮರಳಿನ ಟ್ರೇ ಚಿಕಿತ್ಸೆಯ ಎರಡು ದಿನದ ಆನ್‌ಲೈನ್ ಕೋರ್ಸ್ ಮುಗಿಸಿದರೆ ಸರ್ಟಿಫಿಕೇಟ್ ಕೊಡುತ್ತಾರಂತೆ. ಈ ಚಿಕಿತ್ಸೆಯಿಂದ ಆಟಿಸಂ ಕೂಡ ವಾಸಿಯಾಗುತ್ತದಂತೆ. ಸೇರಬಹುದೇ?

ಉತ್ತರ: ಬೇಡ. ಆಟಿಸಂ ವಾಸಿ ಮಾಡುತ್ತೇವೆ ಅನ್ನುವವರು ಹೆತ್ತವರ ಸಂಕಟವನ್ನು ಮಾರಿಕೊಳ್ಳುತ್ತಿದ್ದಾರೆ. ಕಾಲ್ಫ್ 1985ರಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ಸ್ಯಾಂಡ್‌ಪ್ಲೇ ಸಂಘದ ತರಬೇತಿಗೆ ವರ್ಷಗಳೇ ಬೇಕು. ಕಲಿಯುವವರು ಮೊದಲು ತಾವೇ ಮರಳಿನ ಮುಂದೆ ಕೂರಬೇಕು, ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕು, ಪ್ರಕರಣ ಬರೆದು ಒಪ್ಪಿಸಬೇಕು.

ಪ್ರಶ್ನೆ: ಟ್ರೇಯ ಅಳತೆ ಇಂತಿಷ್ಟೇ ಇರಬೇಕೇ?

ಉತ್ತರ: ಹೌದು, ಸುಮಾರು 57 ಸೆಂ.ಮೀ. ಅಗಲ, 72 ಉದ್ದ, 7 ಆಳ. ತಲೆ ತಿರುಗಿಸದೆ ಒಂದೇ ನೋಟಕ್ಕೆ ಇಡೀ ಟ್ರೇ ಸಿಗಬೇಕು. ಒಳಗೆ ನೀಲಿ ಬಣ್ಣವಿರಲಿ, ಮರಳು ಸರಿಸಿದರೆ ನೀರು ಕಂಡಂತಾಗುತ್ತದೆ. ಒಣ ಮರಳಿಗೊಂದು, ಒದ್ದೆ ಮರಳಿಗೊಂದು ಟ್ರೇ ಇಡಿ.

ಪ್ರಶ್ನೆ: ಎಷ್ಟು ಸಲ ಆಡಿಸಿದರೆ ಅಂಕ ಜಾಸ್ತಿಯಾಗುತ್ತದೆ?

ಉತ್ತರ: ಇದು ಅಂಕಕ್ಕಾಗಿ ಅಲ್ಲ. ಅಂಕ ಕಡಿಮೆ ಬರುತ್ತಿದ್ದರೆ ಮೊದಲು ಮಗುವಿನ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಎರಡೂವರೆ ವರ್ಷದ ಮಗುವಿಗೆ ಮಾಡಬಹುದೇ?

ಉತ್ತರ: ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿಗೆ ಸಣ್ಣ ಗೊಂಬೆಗಳು ಅಪಾಯ. ಕೊಡಬೇಡಿ.