ಮೊದಲ ಆಟಕ್ಕೆ ಯಾವ ಕ್ಲಾಸ್?

ಪ್ರಶ್ನೆ: ನಾನು ಮಂಡ್ಯದವನು, ಮೈಸೂರಿನಲ್ಲಿ ಓದುತ್ತಿದ್ದೇನೆ. ಕುವೆಂಪುನಗರದ ಗೆಳೆಯನ ರೂಮಿನಲ್ಲಿ ಪ್ರತಿ ಭಾನುವಾರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದು ಪಾತ್ರವಾಗಿ ಡೈಸ್ ಉರುಳಿಸುತ್ತ ಕಥೆ ಕಟ್ಟೋ ಆಟ) ಆಡುತ್ತಾರೆ, 2014ರ ಐದನೇ ಆವೃತ್ತಿಯ ರೂಲ್ಸ್. ಮುಂದಿನ ವಾರ ನಾನೂ ಸೇರುತ್ತೇನೆ. 12 ಕ್ಲಾಸ್, ಅಂದ್ರೆ ಪಾತ್ರದ ಬಗೆ, ನೋಡಿ ತಲೆ ಕೆಟ್ಟಿದೆ. ನನಗೆ ವಿಝರ್ಡ್ (ಮಂತ್ರವಾದಿ) ಆಸೆ. ಅವರು ‘ಕ್ಲೆರಿಕ್ ಆಗೋ, ಗಾಯ ವಾಸಿ ಮಾಡೋರು ಯಾರೂ ಇಲ್ಲ’ ಅಂತಾರೆ. ಯಾವುದು ತಗೊಳ್ಳಲಿ?

ಉತ್ತರ: ಎರಡೂ ಬೇಡ. ಫೈಟರ್ ತಗೊಳ್ಳಿ.

ನಾನೂ ಮೊದಲು ವಿಝರ್ಡ್ ಆಗಿಯೇ ಕೂತಿದ್ದೆ. ಪುಸ್ತಕದಲ್ಲಿ ಆರು ಮಂತ್ರ. ಪಾತ್ರದ ಬುದ್ಧಿಯ ಅಂಕ 16 ಇದ್ದಿದ್ದರಿಂದ ಅದರಲ್ಲಿ ನಾಲ್ಕನ್ನು ಆ ದಿನಕ್ಕೆ ಆರಿಸಿಟ್ಟುಕೊಳ್ಳಬೇಕು, ಕೊನೆಗೆ ನಡುವೆ ವಿಶ್ರಾಂತಿ ಇಲ್ಲದೆ ಹಾಕೋಕೆ ಆಗೋದು ಎರಡೇ ಸಲ. ನನ್ನ ಸರದಿ ಬಂದಾಗಲೆಲ್ಲ ಹಾಳೆ ತಿರುವುತ್ತಿದ್ದೆ. ಅಷ್ಟರಲ್ಲಿ ಉಳಿದವರು ಚುರುಮುರಿ ಖಾಲಿ ಮಾಡಿ ಕೈ ಒರೆಸಿಕೊಂಡಿರುತ್ತಿದ್ದರು. ಇದ್ದ ಜೀವ ಎಂಟು ಪಾಯಿಂಟ್. ಗಾಬ್ಲಿನ್ ಅನ್ನೋ ಒಂದು ಪುಟ್ಟ ರಾಕ್ಷಸ ಬಂದು ಕತ್ತಿ ಬೀಸಿತು, ಆರು ಮುಖದ ಡೈಸ್‌ನಲ್ಲಿ ಆರೇ ಬಿತ್ತು, ಮೇಲೆ ಎರಡು ಸೇರಿಸಿದರೆ ಎಂಟು. ಅಷ್ಟೇ, ಮಲಗಿದೆ.

ಫೈಟರ್ ಅಂದ್ರೆ ನಮ್ಮ ಗರಡಿ ಮನೆ ಪೈಲ್ವಾನ್ ಅಂದ್ಕೊಳ್ಳಿ. ಚೈನ್ ಮೇಲ್ (ಸರಪಳಿ ಕವಚ) ಹಾಕಿ ಗುರಾಣಿ ಹಿಡಿದರೆ ಆರ್ಮರ್ ಕ್ಲಾಸ್, ಅಂದ್ರೆ ನಿಮಗೆ ಏಟು ತಾಗೋಕೆ ಎದುರಾಳಿ ಮುಟ್ಟಬೇಕಾದ ಅಂಕ, 18. ಅದೇ ಗಾಬ್ಲಿನ್ ನಿಮ್ಮನ್ನು ಮುಟ್ಟಬೇಕಾದರೆ, ಅದರ ಬೋನಸ್ ಕೂಡಿಸಿಕೊಂಡೂ, 20 ಮುಖದ ಡೈಸ್‌ನಲ್ಲಿ 14 ಅಥವಾ ಮೇಲೆ ಬೀಳಬೇಕು. ನಿಮ್ಮ ಸರದಿಯಲ್ಲಿ ಕೆಲಸ ಇಷ್ಟೇ: ಡೈಸ್ ಉರುಳಿಸಿ, ಬೋನಸ್ ಕೂಡಿಸಿ, ತಾಗಿತಾ ಕೇಳಿ. ಏಟು ತಿಂದು ಸುಸ್ತಾದರೆ ‘ಸೆಕೆಂಡ್ ವಿಂಡ್’ ಇದೆ, ನಿಮ್ಮ ಗಾಯಕ್ಕೆ ನೀವೇ ವೈದ್ಯರು. ಮೂರನೇ ಲೆವೆಲ್‌ಗೆ ಬಂದಾಗ ಫೈಟರ್‌ನಲ್ಲೇ ‘ಚಾಂಪಿಯನ್’ ಅನ್ನೋ ಬಗೆ ಆರಿಸಿ. 20 ಮಾತ್ರ ಅಲ್ಲ, 19 ಬಿದ್ದರೂ ಕ್ರಿಟಿಕಲ್, ಅಂದ್ರೆ ಜೋರು ಏಟು. ಹೊಸದಾಗಿ ನೆನಪಿಡೋದು ಹೆಚ್ಚೇನೂ ಇಲ್ಲ. ತಲೆಗೆ ಬಿಡುವು ಸಿಕ್ಕಿದ್ದರಿಂದ ಕಥೆ ಕಿವಿಗೆ ಬೀಳುತ್ತದೆ, ಪಾತ್ರದ ಬಾಯಲ್ಲಿ ನಾಲ್ಕು ಮಾತಾಡೋಕೂ ಧೈರ್ಯ ಬರುತ್ತದೆ. ಕೂತು ಆಡೋದು ಅದಕ್ಕೇ ಅಲ್ವಾ? ‘ಫೈಟರ್ ಬೋರು’ ಅನ್ನೋರು ಇದ್ದಾರೆ. ಹತ್ತು ಆಟ ಆಡಿದವರ ಮಾತು ಅದು.

ಮಂತ್ರದ ಆಸೆ ಬಿಡೋಕೇ ಆಗಲ್ಲ ಅಂದ್ರೆ ವಾರ್ಲಾಕ್ ನೋಡಿ, ಅದೂ ಮಂತ್ರ ಹಾಕೋ ಕ್ಲಾಸೇ. ಮೊದಲ ಲೆವೆಲ್‌ನಲ್ಲಿ ಗೊತ್ತಿರೋದು ಎರಡು ಮಂತ್ರ, ಎರಡು ಕ್ಯಾಂಟ್ರಿಪ್ (ಖರ್ಚಾಗದ ಪುಟ್ಟ ಮಂತ್ರ). ಕ್ಯಾಂಟ್ರಿಪ್‌ಗಳಲ್ಲಿ ಒಂದು ‘ಎಲ್ಡ್ರಿಚ್ ಬ್ಲಾಸ್ಟ್’ ಇರಲಿ, ಎಷ್ಟು ಸಲ ಬೇಕಾದರೂ ಹೊಡೀಬಹುದು. ಖರ್ಚಾದ ಸ್ಲಾಟ್ (ಮಂತ್ರ ಹಾಕೋ ಅವಕಾಶ) ಕಥೆಯೊಳಗೆ ಒಂದು ಗಂಟೆ ಸುಧಾರಿಸಿಕೊಂಡರೆ ವಾಪಸ್ ಬರುತ್ತದೆ.

ಕ್ಲೆರಿಕ್ ಕೆಟ್ಟದ್ದಲ್ಲ. ಆದರೆ ಇಡೀ ಮಂತ್ರಪಟ್ಟಿ ಓದಿ ದಿನಾ ಆರಿಸಬೇಕು. ಅದನ್ನು ಹೊಸಬರ ತಲೆಗೆ ಕಟ್ಟೋದು ಎಲ್ಲ ಗುಂಪಿನ ಹಳೇ ಚಾಳಿ. ನಿಮ್ಮ ಗೆಳೆಯರಿಗೆ ಹೇಳಿ, ಹೀಲಿಂಗ್ ಪೋಶನ್ (ಗಾಯ ವಾಸಿ ಮಾಡೋ ಮದ್ದು) ಒಂದಕ್ಕೆ ಆಟದ ದುಡ್ಡಲ್ಲಿ 50 ಗೋಲ್ಡ್, ಎಲ್ಲರೂ ಸೇರಿ ದುಡ್ಡು ಹಾಕೋಣ ಅಂತ.